ನರಸಂಧಾನದಲ್ಲಿ ಕರಗುವ ನಳಿಕೆಯ ಚರಿತ್ರೆ

ಕೈಯಾಗಲಿ ಕಾಲಾಗಲಿ ಆಳವಾಗಿ ಕೊಯ್ದುಹೋದಾಗ ಚರ್ಮವು ಕೂಡುತ್ತದೆ, ಎಲುಬೂ ಕಾಲಕ್ರಮದಲ್ಲಿ ಕೂಡುತ್ತದೆ. ಆದರೆ ನರವು ತುಂಡಾಗಿದ್ದರೆ, ಅದರಿಂದ ಕೆಳಗಿನ ಭಾಗವು ಸ್ಪರ್ಶಜ್ಞಾನವನ್ನೂ ಚಲನಶಕ್ತಿಯನ್ನೂ ಕಳೆದುಕೊಂಡು ಜಡವಾಗಿ ಉಳಿಯುವುದುಂಟು. ತುಂಡಾದ ಎರಡು ಕೊನೆಗಳು ಹತ್ತಿರವಿದ್ದಲ್ಲಿ ಅವನ್ನು ಸೇರಿಸಿ ಹೊಲಿಯಬಹುದು. ನಡುವಣ ಭಾಗವೇ ನಷ್ಟವಾಗಿದ್ದರೆ ಮಾಡತಕ್ಕದ್ದೇನು? ಈ ಪ್ರಶ್ನೆಗೆ ಶಸ್ತ್ರವೈದ್ಯರು ಕೊಟ್ಟಿರುವ ಉತ್ತರಗಳಲ್ಲಿ ಒಂದು ಹೀಗಿದೆ: ಎರಡು ಕೊನೆಗಳನ್ನೂ ಒಂದು ಸಣ್ಣ ನಳಿಕೆಯ ಎರಡು ಬಾಯಿಗಳೊಳಗೆ ಇರಿಸಿ, ನರವು ಅದರೊಳಗೆ ತಾನಾಗಿ ಬೆಳೆದು ಕೂಡಿಕೊಳ್ಳುವಂತೆ ಮಾಡುವುದು, ಆ ನಳಿಕೆಯನ್ನು ಕಾರ್ಯವು ಮುಗಿದ ಮೇಲೆ ದೇಹದಲ್ಲಿಯೇ ಕರಗಿಹೋಗುವಂಥ ದ್ರವ್ಯದಿಂದ ರಚಿಸುವುದು. ಇದು ನಮ್ಮ ಕಾಲದ ಹೊಸ ಕಲ್ಪನೆಯೆಂದು ಅನೇಕರು ಭಾವಿಸಿದ್ದಾರೆ. ವಸ್ತುತಃ ೧೮೮೨ರಲ್ಲಿಯೇ ಇದನ್ನು ಒಬ್ಬನು ಮಾಡಿ ತೋರಿಸಿದ್ದನು. ಹಾಗಿದ್ದೂ ನೂರು ವರ್ಷಗಳಿಗೆ ಮಿಕ್ಕ ಕಾಲ ಅದು ರೋಗಿಗಳ ಉಪಯೋಗಕ್ಕೆ ಬಾರದೆ ಹೋದುದೇಕೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಕನ್ನಡದ ‘ನರ’ ಶಬ್ದವು ಆಡುಮಾತಿನಲ್ಲಿ ರಕ್ತನಾಳಕ್ಕೂ ಸಲ್ಲುತ್ತದೆ, ಎಲುಬನ್ನು ಬಿಗಿಯುವ ಹುರಿಗೂ ಸಲ್ಲುತ್ತದೆ, ಸಂವೇದನವನ್ನು ಸಾಗಿಸುವ ತಂತುವಿಗೂ ಸಲ್ಲುತ್ತದೆ. ಸಂಸ್ಕೃತದ ‘ಸ್ನಾಯು’ವಿನ ಪಾಡೂ ಹೆಚ್ಚು ಬೇರೆಯಲ್ಲ, ಇಂದಿನ ಕನ್ನಡದಲ್ಲಿ ಅದು ಮಾಂಸಖಂಡದ ಹೆಸರಾಗಿದೆ, ಸುಶ್ರುತನು ಶಾರೀರಸ್ಥಾನದಲ್ಲಿ ಎಣಿಸಿರುವ ೯೦೦ ಸ್ನಾಯುಗಳಾದರೋ ದೇಹವನ್ನು ಕಟ್ಟಿ ಹಿಡಿದಿರುವ ಬಂಧನಗಳು. ವೇದದ ‘ಸ್ನಾವನ್’ ಎಂಬ ಶಬ್ದಕ್ಕೂ ಗ್ರೀಕರ ‘ನ್ಯೂರಾನ್’ ಎಂಬ ಶಬ್ದಕ್ಕೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಎರಡೂ ಕಡೆಗಳಲ್ಲಿ ಮೊದಲ ಅರ್ಥವು ಬಿಲ್ಲಿಗೆ ಹೆದೆಯಾಗಬಲ್ಲ ಹುರಿ ಎಂಬುದೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದ ಹೆರೊಫಿಲಸ್ ಎಂಬಾತನು ಸಂವೇದನವಾಹಿಯಾದ ತಂತುಗಳನ್ನು ಉಳಿದ ಹುರಿಗಳಿಂದ ಬೇರ್ಪಡಿಸಿ ತೋರಿಸುವ ವರೆಗೂ ಗ್ರೀಕರಲ್ಲಿಯೂ ಈ ಸಾಂಕರ್ಯವು ನಿಂತಿರಲಿಲ್ಲ. ನರಕ್ಕೆ ಸೂಜಿ ಚುಚ್ಚಿದರೆ ಸೆಳವು ಹುಟ್ಟಿ ರೋಗಿಯು ಸಾಯುವನೆಂಬ ಭಯವನ್ನು ಕ್ರಿ. ಶ. ಎರಡನೆಯ ಶತಮಾನದ ಗೇಲನ್ ಎಂಬ ಮಹಾವೈದ್ಯನು ಬಿತ್ತಿಹೋದನು. ಅವನ ಮಾತಿನ ಭಾರದಿಂದ ಯೂರೋಪಿನಲ್ಲಿ ನರದ ಹೊಲಿಗೆಯು ಬಹುಕಾಲ ಅಪವಾದವಾಗಿಯೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಉದರರೋಗದ ಪ್ರಕರಣದಲ್ಲಿ, ತೂತಾದ ಕರುಳಿನ ಅಂಚುಗಳನ್ನು ಸೇರಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ಅವುಗಳ ಒಡಲನ್ನು ಕತ್ತರಿಸಿ ತಲೆಗಳನ್ನು ಮಾತ್ರ ಅಲ್ಲಿಯೇ ಬಿಡಬೇಕೆಂಬ ವಿಧಿಯಿದೆ. ಇದನ್ನು ಹಿಡಿದು, ಕರಗುವ ನಳಿಕೆಯೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಹೇಳುವವರನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಆ ವಿಧಿಯು ಕರುಳಿಗೆ ಸಂಬಂಧಪಟ್ಟದ್ದು, ನರಕ್ಕಲ್ಲ. ಸುಶ್ರುತನ ಕೀರ್ತಿಗೆ ಅವನು ಹೇಳಿದುದೇ ಸಾಕು. ಹೇಳದಿದ್ದುದನ್ನು ಅವನ ಬಾಯಲ್ಲಿ ತುರುಕುವುದು ಭಕ್ತಿಯಾಗಬಹುದು, ವಿದ್ವತ್ತಾಗದು.

ತುಂಡಾದ ನರವು ಮತ್ತೆ ಕೂಡಬಲ್ಲುದೇ ಎಂಬ ಪ್ರಶ್ನೆಗೆ ಪ್ರಮಾಣಪೂರ್ವಕವಾದ ಉತ್ತರವು ದೊರೆತುದು ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ. ಇಂಗ್ಲೆಂಡಿನ ಕ್ರುಯಿಕ್‌ಷ್ಯಾಂಕ್ ಎಂಬವನು ೧೭೭೬ರಲ್ಲಿ ನಾಯಿಗಳ ಕುತ್ತಿಗೆಯ ನರಗಳನ್ನು ಕೊಯ್ದು, ನಡುವೆ ಹೊಸ ಪದಾರ್ಥವು ಬೆಳೆದುದನ್ನು ಕಂಡನು. ಅವನ ಬರೆಹವು ಅಚ್ಚಾದುದು ೧೭೯೫ರಲ್ಲಿ. ಬೆಳೆದುದು ನಿಜವಾದ ನರವೇ, ಬರಿಯ ಗಾಯದ ಕಲೆಯೇ ಎಂಬ ಸಂಶಯವನ್ನು ಅದೇ ವರ್ಷ ಹೇಯ್ಟನ್ ಎಂಬವನು ಪರಿಹರಿಸಿದ ಬಗೆಯು ನಮ್ಮ ತಾರ್ಕಿಕರು ಮೆಚ್ಚುವಂಥದು. ಪ್ರಾಣಕ್ಕೆ ಆಧಾರವಾದ ಆ ಎರಡು ನರಗಳನ್ನೂ ಒಮ್ಮೆಲೇ ಕೊಯ್ದರೆ ನಾಯಿಯು ಸಾಯುತ್ತದೆ. ಒಂದನ್ನು ಕೊಯ್ದು, ಕೆಲವು ವಾರ ಕಾದು, ಮತ್ತೊಂದನ್ನು ಕೊಯ್ದಾಗ ಬದುಕಿತು. ಬಹುದಿನಗಳ ಮೇಲೆ ಕೂಡಿಕೊಂಡಿದ್ದ ಎರಡನ್ನೂ ತಿರುಗಿ ಕೊಯ್ದಾಗ ಸತ್ತಿತು. ಆದುದರಿಂದ ಕೂಡಿಕೊಂಡಿದ್ದ ಭಾಗವು ನರದ ಕಾರ್ಯವನ್ನು ಮಾಡುತ್ತಿದ್ದಿತೆಂಬುದು ಅನ್ವಯವ್ಯತಿರೇಕಗಳೆರಡರಿಂದಲೂ ಸಿದ್ಧವಾಯಿತು. ಆ ಮೂಕಪ್ರಾಣಿಗಳ ಸಂಕಟವನ್ನು ನೆನೆದಾಗ ಮನಸ್ಸು ಹಿಂಜರಿಯುತ್ತದೆಂಬುದು ಬೇರೆ ಮಾತು.

೧೮೫೦ರಲ್ಲಿ ಆಗಸ್ಟಸ್ ವಾಲರ್ ಎಂಬವನು ಕಪ್ಪೆಯ ನಾಲಗೆಯ ನರಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊಯ್ದ ಸ್ಥಳದಿಂದ ಕೆಳಗಿನ ತಂತುಗಳೆಲ್ಲವೂ ಶಿಥಿಲವಾಗಿ ಚೂರಾಗುವುವೆಂದೂ, ತಾಯಿಕೋಶದೊಡನೆ ಸಂಬಂಧವುಳ್ಳ ಮೇಲಿನ ಭಾಗವು ಉಳಿಯುವುದೆಂದೂ ಕಂಡುಹಿಡಿದನು. ಅರ್ಥಾತ್, ನರವು ಎರಡು ಹಗ್ಗದ ತುಂಡುಗಳಂತೆ ಅಂಟಿಕೊಂಡು ಕೂಡುವುದಿಲ್ಲ. ಮೇಲಿನ ಕೊನೆಯಿಂದ ಹೊಸ ತಂತುಗಳು ಹೊರಟು, ಹಳೆಯ ಪಾತ್ರದಲ್ಲಿ ಹೊಳೆ ಹರಿದಂತೆ, ಬೆರಳಿನ ತುದಿಯ ವರೆಗೂ ನಡೆದು ಹೋಗಬೇಕು. ಮನುಷ್ಯರಲ್ಲಿ ಈ ನಡಿಗೆಯ ವೇಗವು ದಿನಕ್ಕೆ ಸುಮಾರು ೧ ಮಿಲಿಮೀಟರು. ತೋಳಿನ ಮೇಲ್ಭಾಗದಲ್ಲಿ ನರವು ತುಂಡಾದರೆ ಹಸ್ತವನ್ನು ಮುಟ್ಟಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಅಷ್ಟರೊಳಗೆ ಹಸ್ತದ ಮಾಂಸಪೇಶಿಗಳು ಸೊರಗಿ, ಬಂದ ನರವನ್ನು ಅಂಗೀಕರಿಸುವ ಶಕ್ತಿಯನ್ನೇ ಕಳೆದುಕೊಳ್ಳುವುವು. ನರಸಂಧಾನದ ಚರಿತ್ರೆಯೆಲ್ಲವೂ ಕಾಲದೊಡನೆ ನಡೆದ ಈ ಓಟದ ಚರಿತ್ರೆಯೇ ಆಗಿದೆ.

ಇನ್ನು ನಳಿಕೆಯ ಪ್ರಸ್ತಾವ. ದೇಹದಲ್ಲಿ ಕರಗುವ ವಸ್ತುವನ್ನು ಬುದ್ಧಿಪೂರ್ವಕವಾಗಿ ಒಳಗೆ ಬಿಟ್ಟು ಗಾಯವನ್ನು ಮುಚ್ಚುವ ಪದ್ಧತಿಗೆ, ಲಿಸ್ಟರನು ೧೮೬೯ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಶುದ್ಧಿಮಾಡಿದ ಕರುಳದಾರವನ್ನು ಪ್ರಚಾರಕ್ಕೆ ತಂದುದರಿಂದ ಗೌರವವು ಬಂದಿತು. ಹತ್ತು ವರ್ಷಗಳ ತರುವಾಯ, ೧೮೭೯ರಲ್ಲಿ, ಜರ್ಮನಿಯ ಕೀಲ್ ನಗರದ ನಾಯ್ಬರ್ ಎಂಬ ಶಸ್ತ್ರವೈದ್ಯನು ಗಾಯದ ಕೀವನ್ನು ಹೊರಗೆ ಹರಿಯಿಸುವ ನಳಿಕೆಗಳನ್ನು ಸುಣ್ಣವನ್ನು ತೆಗೆದ ಎಲುಬಿನಿಂದ ಮಾಡಿಸಿದನು. ಎಲುಬನ್ನು ಆಮ್ಲದಲ್ಲಿ ನೆನೆಯಿಟ್ಟರೆ ಅದರ ಸುಣ್ಣವು ಹೋಗಿ ಮೆತ್ತನೆಯ ಭಾಗವು ಉಳಿಯುತ್ತದೆ. ದೇಹವು ಅದನ್ನು ಮೆಲ್ಲಮೆಲ್ಲನೆ ಜೀರ್ಣಿಸಿಕೊಳ್ಳುತ್ತದೆ. ಕೀವಿಗಾಗಿ ಹುಟ್ಟಿದ ಈ ನಳಿಕೆಯೇ ನರಕ್ಕೆ ಬಂದುದು. ಬರ್ಲಿನಿನಲ್ಲಿ ಲಾಂಗೆನ್‌ಬೆಕ್ಕನ ಶಿಷ್ಯನಾಗಿದ್ದ ಥೆಮಿಸ್ಟೊಕ್ಲೀಸ್ ಗ್ಲುಕ್ ಎಂಬವನು ೧೮೮೦ರ ಸುಮಾರಿನಲ್ಲಿ ಇದನ್ನು ಪ್ರಯತ್ನಿಸಿದನು; ಕಲೆಯ ಪದಾರ್ಥವೇ ಬೆಳೆದು ಫಲವು ದೊರೆಯಲಿಲ್ಲ. ಈತನು ಕೃತಕ ಕೀಲುಗಳನ್ನೂ ಕಲ್ಪಿಸಿದ ಸಾಹಸಿ. ಕಾಲಕ್ಕೆ ಮುಂಚೆ ಹುಟ್ಟಿ, ತನ್ನವರಿಂದಲೇ ತಿರಸ್ಕೃತನಾದವರ ಪಂಕ್ತಿಗೆ ಸೇರಿದವನು.

ಬೆಲ್ಜಿಯಮ್ ದೇಶದ ಲಿಯೇಜ್ ನಗರದ ವಾನ್‌ಲೇರನ ಸಂಗತಿಯು ಬೇರೆ. ೧೮೮೨ರಲ್ಲಿ ಅವನು ನಾಯಿಯ ತೊಡೆಯ ಹಿಂಬದಿಯ ದೊಡ್ಡ ನರದಲ್ಲಿ (ನಮ್ಮವರು ಗೃಧ್ರಸೀ ಎಂದು ಕರೆದಿರುವ ನೋವು ಹರಡುವ ದಾರಿಯದು) ೩ ಸೆಂಟಿಮೀಟರು ಭಾಗವನ್ನು ತೆಗೆದುಹಾಕಿ, ಸುಣ್ಣ ತೆಗೆದ ಎಲುಬಿನ ನಳಿಕೆಯಿಂದ ಎರಡು ಕೊನೆಗಳನ್ನು ಜೋಡಿಸಿದನು. ತಿಂಗಳುಗಳು ಕಳೆದ ಮೇಲೆ ನೋಡಿದಾಗ ಹೊಸ ತಂತುಗಳು ಆ ಅಂತರವನ್ನು ದಾಟಿದ್ದುವು. ಇದಕ್ಕೆ ಅವನು ‘ನಳಿಕಾಸೀವನ’ ಎಂಬ ಅರ್ಥದ ಹೆಸರನ್ನಿಟ್ಟನು. ಗಮನಿಸಬೇಕಾದ ಅಂಶವೆಂದರೆ, ವಾನ್‌ಲೇರನಿಗೆ ನಳಿಕೆಯು ಚಿಕಿತ್ಸೆಯಷ್ಟೇ ಅಲ್ಲ, ಪ್ರಮಾಣವೂ ಆಗಿತ್ತು. ತಂತುಗಳು ಮೇಲಿನ ಕೊನೆಯಿಂದಲೇ ಬೆಳೆದು ಬರುವುವೆಂಬ ಪಕ್ಷವನ್ನು ಸಾಧಿಸಲು, ಸುತ್ತಣ ಮಾಂಸದಿಂದ ಏನೂ ಬೆರೆಯದ ಒಂದು ಮುಚ್ಚಿದ ದಾರಿಯು ಅವನಿಗೆ ಬೇಕಾಗಿದ್ದಿತು.

ಈ ಪಕ್ಷಕ್ಕೆ ಪ್ರತಿಪಕ್ಷವಿದ್ದಿತು. ಅದು ಅಲ್ಪವಾದುದೂ ಅಲ್ಲ. ಕೆಳಗಿನ ತುಂಡಿನಲ್ಲಿ ಉಳಿದಿರುವ ಕೋಶಗಳೇ ಸಾಲುಗಟ್ಟಿ ತಮ್ಮಿಂದಲೇ ಹೊಸ ತಂತುವನ್ನು ಹುಟ್ಟಿಸುವುವು, ಆಮೇಲೆ ಅದು ಮೇಲಿನದರೊಡನೆ ಸೇರುವುದು ಎಂದು ಅನೇಕ ಘನ ಪಂಡಿತರು ವಾದಿಸಿದರು. ೧೮೫೯ರಲ್ಲಿ ಫ್ರಾನ್ಸಿನ ವುಲ್ಪಿಯನ್ ಮತ್ತು ಫಿಲಿಪೋ, ೧೮೯೧ರಲ್ಲಿ ಜರ್ಮನಿಯ ಬ್ಯುಂಗ್ನರ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆ ಇವರು ಈ ಪಕ್ಷದವರು. ಆ ಕೋಶಗಳಿಗೆ ಶ್ವಾನ್ ಕೋಶಗಳೆಂದು ಹೆಸರು. ಸಂಸ್ಕೃತಜ್ಞರು ನಗಬಾರದು, ನಾಯಿಗೂ ಇದಕ್ಕೂ ಸಂಬಂಧವಿಲ್ಲ. ಇದು ಥಿಯೊಡೋರ್ ಶ್ವಾನ್ ಎಂಬ ಜೀವಶಾಸ್ತ್ರಜ್ಞನ ಹೆಸರು. ಅವನೂ ವಾನ್‌ಲೇರನ ಊರಾದ ಲಿಯೇಜಿನಲ್ಲಿಯೇ ಬಹುಕಾಲ ಉಪಾಧ್ಯಾಯನಾಗಿದ್ದವನು.

ನನ್ನ ಅಭಿಪ್ರಾಯದಲ್ಲಿ ಕರಗುವ ನಳಿಕೆಯು ಹಿಂದೆ ಬಿದ್ದುದಕ್ಕೆ ಮುಖ್ಯ ಕಾರಣವು ಈ ವಿವಾದವೇ. ನಳಿಕೆಯೊಳಗೆ ನಡೆಯುವುದೇನು ಎಂಬುದು ನಿಶ್ಚಯವಾಗದಿದ್ದಾಗ ನಳಿಕೆಯು ಹೇಗಿರಬೇಕೆಂಬುದು ನಿಶ್ಚಯವಾಗುವುದೆಂತು? ಮುಂದಿನ ಮೂವತ್ತು ನಾಲ್ವತ್ತು ವರ್ಷಗಳ ಪ್ರಯೋಗಗಳನ್ನು ನೋಡಿದರೆ, ದ್ರವ್ಯದ ಮೇಲೆ ದ್ರವ್ಯವನ್ನು ಬದಲಾಯಿಸಿ ಕತ್ತಲೆಯಲ್ಲಿ ಕೈಯಾಡಿಸಿದಂತೆ ತೋರುತ್ತದೆ. ೧೯೦೦ರಲ್ಲಿ ಪಾಯರ್ ಎಂಬವನು ಮೆಗ್ನೀಸಿಯಮ್ ಲೋಹದ ನಳಿಕೆಗಳನ್ನು ಸೂಚಿಸಿದನು. ದೇಹದಲ್ಲಿ ಕರಗುವ ಲೋಹವೆಂಬ ಕಲ್ಪನೆಯೇ ಆಶ್ಚರ್ಯಕರವಾದುದು, ಇಂದಿಗೂ ಅದನ್ನು ಪುನಃ ಪರೀಕ್ಷಿಸುತ್ತಿದ್ದಾರೆ. ೧೯೦೧ರಲ್ಲಿ ಲೋಟ್‌ಹೈಸೆನ್ ಎಂಬವನು ಜೆಲಟಿನ್ ನಳಿಕೆಗಳನ್ನೂ, ೧೯೦೪ರಲ್ಲಿ ಫೊರಾಮಿಟ್ಟಿಯು ಗಟ್ಟಿಮಾಡಿದ ಕರುವಿನ ರಕ್ತನಾಳಗಳನ್ನೂ ಪ್ರಯೋಗಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ನರಗಳು ಹರಿದುಹೋದ ಸೈನಿಕರು ಸಾವಿರಗಟ್ಟಲೆಯಾಗಿ ಆಸ್ಪತ್ರೆಗಳಿಗೆ ಬಂದಾಗ, ಫ್ರಾಂಕ್‌ಫುರ್ಟಿನ ಎಡಿಂಗರ್ ಎಂಬ ಪ್ರಸಿದ್ಧ ಮಿದುಳುಶಾಸ್ತ್ರಜ್ಞನು ಕರುವಿನ ರಕ್ತನಾಳದಲ್ಲಿ ಅಗರ್ ಎಂಬ ಲೋಳೆಯನ್ನು ತುಂಬಿ ನಳಿಕೆಗಳನ್ನು ತಯಾರಿಸಿಕೊಟ್ಟನು. ಜರ್ಮನ್ ಶಸ್ತ್ರವೈದ್ಯರು ಆಶೆಯಿಂದ ಅವನ್ನು ಉಪಯೋಗಿಸಿದರು. ಫಲಿತಾಂಶವು ನಿರಾಶಾಜನಕವಾಯಿತು. ತಂತುಗಳು ನಡೆಯಬೇಕಾದ ದಾರಿಯನ್ನೇ ತುಂಬಿ ಮುಚ್ಚಿದಂತಾಯಿತೆಂದು ಇಂದಿನ ತಿಳಿವಳಿಕೆಯಿಂದ ನಾವು ಹೇಳಬಹುದು. ಎಡಿಂಗರನಿಗೆ ಅದನ್ನು ತಿಳಿಯುವ ಉಪಾಯವಿರಲಿಲ್ಲ. ಕೈಬಿದ್ದ ಸೈನಿಕರ ಮೈಮೇಲೆ ನಡೆದ ಈ ಸೋಲಿನಿಂದ ನಳಿಕೆಯ ಹೆಸರೇ ಕೆಟ್ಟುಹೋಯಿತು.

ವಿವಾದವನ್ನು ತೀರಿಸಿದವನು ಸ್ಪೇಯಿನ್ ದೇಶದ ರಮೋನ್ ಇ ಕಾಹಾಲ್. ೧೮೯೦ರಲ್ಲಿಯೇ ಕೋಳಿಯ ಭ್ರೂಣದಲ್ಲಿ ಬೆಳೆಯುವ ತಂತುವಿನ ತುದಿಯ ಮೊಗ್ಗನ್ನು ವರ್ಣಿಸಿದ್ದ ಈತನು, ೧೯೦೬ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡು, ೧೯೧೩-೧೪ರಲ್ಲಿ ನರಗಳ ಕ್ಷಯ ಮತ್ತು ಪುನರ್ಜನನವನ್ನು ಕುರಿತು ಎರಡು ಮಹಾಸಂಪುಟಗಳನ್ನು ಪ್ರಕಟಿಸಿದನು. ತಂತುಗಳು ಮೇಲಿನಿಂದಲೇ ಬರುವುವೆಂಬ ವಾನ್‌ಲೇರನ ಪಕ್ಷವು ಗೆದ್ದಿತು. ಆದರೆ ಸೋತ ಪಕ್ಷದಲ್ಲಿಯೂ ಸತ್ಯದ ಅರ್ಧವಿದ್ದಿತು. ಕೆಳಗಿನ ತುಂಡಿನಲ್ಲಿ ಶ್ವಾನ್ ಕೋಶಗಳು ಸಾಲುಗಟ್ಟುವುದು ನಿಜ. ಅವು ತಂತುವನ್ನು ಹೆರುವುದಿಲ್ಲ, ದಾರಿಯನ್ನು ತೋರಿಸುತ್ತವೆ. ಇಂದಿಗೂ ಆ ಸಾಲುಗಳಿಗೆ ಬ್ಯುಂಗ್ನರನ ಪಟ್ಟಿಗಳೆಂದೇ ಹೆಸರು. ತಪ್ಪು ಸಿದ್ಧಾಂತವನ್ನು ಹಿಡಿದಿದ್ದವನ ಹೆಸರು ಸರಿಯಾದ ವಸ್ತುವಿಗೆ ಉಳಿದ ವಿಚಿತ್ರವಿದು.

ಅಮೆರಿಕದ ಹ್ಯಾರಿಸನ್ ಎಂಬವನು ೧೯೦೭ರಲ್ಲಿ ಕಪ್ಪೆಯ ಭ್ರೂಣದ ನರಕೋಶವನ್ನು ದೇಹದ ಹೊರಗೆ ಇಟ್ಟು, ತಂತುವು ಕಣ್ಣೆದುರಿಗೇ ಬೆಳೆಯುವುದನ್ನು ತೋರಿಸಿದನು. ಅವನ ಇನ್ನೊಂದು ಪ್ರಯೋಗವು ಪ್ರಕೃತ ವಿಷಯಕ್ಕೆ ಹೆಚ್ಚು ಸಮೀಪವಾದುದು. ೧೯೧೪ರಲ್ಲಿ ಅವನು ಜೇಡರ ಬಲೆಯ ಎಳೆಗಳನ್ನು ಚೌಕಟ್ಟಿಗೆ ಹಾಯಿಸಿ ಭ್ರೂಣದ ಕೋಶಗಳನ್ನು ಅವುಗಳ ಮೇಲಿಟ್ಟಾಗ, ಕೋಶಗಳು ಎಳೆಯನ್ನು ಹಿಡಿದುಕೊಂಡು ಅದರ ಉದ್ದಕ್ಕೂ ಸಾಗಿದುವು. ಬೆಳೆಯುವ ಜೀವಕ್ಕೆ ಕೈಯಾಸರೆಯಾಗಿ ಒಂದು ಘನ ವಸ್ತುವು ಬೇಕು. ಬರಿಯ ದ್ರವದಲ್ಲಿ ಅದು ನಡೆಯಲಾರದು. ನಳಿಕೆಯೆಂದರೆ ಗಾಯದ ಕಲೆಯನ್ನು ತಡೆಯುವ ಗೋಡೆಯೆಂದು ಮಾತ್ರ ಅದುವರೆಗೆ ತಿಳಿದಿದ್ದರು. ಗೋಡೆಯ ಜೊತೆಗೆ ಒಳಗೆ ಸಾರುವೆಯೂ ಬೇಕೆಂಬ ಸೂಚನೆಯು ಇಲ್ಲಿದ್ದಿತು. ನರಶಸ್ತ್ರಕ್ರಿಯೆಯವರಿಗೆ ಅದು ಕೇಳಿಸಲು ಬಹುಕಾಲ ಹಿಡಿಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಕರಗದ ವಸ್ತುವಿನ ಕಡೆಗೆ ತಿರುಗಿದರು. ಪಾಲ್ ವೈಸ್ ಮೊದಲಾದವರ ಪ್ರಯೋಗಗಳಿಂದ ಟ್ಯಾಂಟಲಮ್ ಲೋಹದ ತೆಳು ಹಾಳೆಯ ಕವಚವು ಬಳಕೆಗೆ ಬಂದಿತು. ಆಮೇಲೆ ಸಿಲಿಕೋನ್. ಇದನ್ನು ಹಿನ್ನಡೆಯೆಂದು ತೆಗೆದುಹಾಕುವುದು ಅನ್ಯಾಯವಾದೀತು. ಸ್ವೀಡನ್ನಿನ ಲುಂಡ್‌ಬೋರ್ಗ್ ಮತ್ತು ಅವನ ಸಹಾಯಕರು ೧೯೮೨ರಲ್ಲಿ, ವಾನ್‌ಲೇರನಿಗೆ ಸರಿಯಾಗಿ ನೂರು ವರ್ಷಗಳ ಮೇಲೆ, ಇಲಿಯ ನರದ ೧೦ ಮಿಲಿಮೀಟರು ಅಂತರವನ್ನು ಸಿಲಿಕೋನ್ ಕೋಣೆಯಿಂದ ಜೋಡಿಸಿ, ಒಳಗೆ ನಡೆಯುವುದನ್ನು ಕ್ರಮವಾಗಿ ಕಂಡರು. ಮೊದಲು ಎರಡು ಕೊನೆಗಳಿಂದಲೂ ದ್ರವವು ಒಸರಿ ಕೋಣೆಯು ತುಂಬುತ್ತದೆ. ಒಂದು ವಾರದೊಳಗೆ ಆ ದ್ರವದಿಂದ ಫೈಬ್ರಿನ್ ಎಂಬ ಪದಾರ್ಥದ ಹುರಿಯೊಂದು ಕೊನೆಯಿಂದ ಕೊನೆಗೆ ಕಟ್ಟಿಕೊಳ್ಳುತ್ತದೆ. ಅದನ್ನು ಹಿಡಿದು ಶ್ವಾನ್ ಕೋಶಗಳು ಬರುತ್ತವೆ. ಅವುಗಳನ್ನು ಅನುಸರಿಸಿ ತಂತುಗಳು ಬರುತ್ತವೆ. ದೇಹವೇ ತನ್ನ ಸಾರುವೆಯನ್ನು ಕಟ್ಟಿಕೊಳ್ಳುತ್ತದೆಂದಾಯಿತು. ಅಂತರವು ೧೫ ಮಿಲಿಮೀಟರಾದಾಗ ಇಲಿಯಲ್ಲಿ ಆ ಹುರಿಯು ಕಟ್ಟಿಕೊಳ್ಳುವುದಿಲ್ಲ, ನರವೂ ದಾಟುವುದಿಲ್ಲ. ಹಿಂದಿನವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದಕ್ಕೆ ಉತ್ತರವು ಮೊದಲ ಬಾರಿ ಇಲ್ಲಿ ದೊರೆಯಿತು. ಸಿಲಿಕೋನಿನ ದೋಷವು ಬೇರೆ ಕಡೆ ಇದ್ದಿತು: ಕಾರ್ಯವು ಮುಗಿದ ಮೇಲೆಯೂ ಅದು ಹೋಗದು, ಕೆಲವು ರೋಗಿಗಳಲ್ಲಿ ಅದು ಬೆಳೆದ ನರವನ್ನೇ ಅಮುಕಿ, ಮತ್ತೊಮ್ಮೆ ಶಸ್ತ್ರಮಾಡಿ ತೆಗೆಯಬೇಕಾಯಿತು.

ಹೀಗೆ ಕರಗುವ ನಳಿಕೆಯು ಎರಡನೆಯ ಸಲ ಹುಟ್ಟಿತು. ಅಷ್ಟರಲ್ಲಿ ಪಾಲಿಗ್ಲೈಕೋಲಿಕ್ ಆಮ್ಲವೆಂಬ ಕೃತಕ ದ್ರವ್ಯದ ಹೊಲಿಗೆದಾರವು ಸುಮಾರು ೧೯೭೦ರಿಂದ ಶಸ್ತ್ರವೈದ್ಯರ ಕೈಯಲ್ಲಿ ಪಳಗಿತ್ತು. ಅದರಿಂದಲೇ ನೆಯ್ದ ನಳಿಕೆಯಿಂದ ಮಕಿನನ್ ಎಂಬ ವಿದುಷಿಯೂ ಡೆಲ್ಲನ್ ಎಂಬವರೂ ಮೊದಲು ಕೋತಿಗಳಲ್ಲಿ ಪ್ರಯೋಗಮಾಡಿ, ೧೯೯೦ರಲ್ಲಿ ೧೫ ಮಂದಿ ರೋಗಿಗಳ ಬೆರಳಿನ ನರಗಳಲ್ಲಿ ೩ ಸೆಂಟಿಮೀಟರು ವರೆಗಿನ ಅಂತರಗಳನ್ನು ಜೋಡಿಸಿದುದನ್ನು ಪ್ರಕಟಿಸಿದರು. ೨೦೦೦ದಲ್ಲಿ ವೀಬರ್ ಮೊದಲಾದವರು ೯೮ ಮಂದಿಯ ೧೩೬ ನರಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಮಾಡಿ ಹೋಲಿಸಿದಾಗ, ಒಟ್ಟಿನಲ್ಲಿ ನಳಿಕೆಯು ರೂಢಿಯ ಚಿಕಿತ್ಸೆಗೆ ಕಡಿಮೆಯಾಗಲಿಲ್ಲ. ೨೦೦೧ರಲ್ಲಿ ಕೊಲಾಜನ್ನಿನ ನಳಿಕೆಗೆ ಅಮೆರಿಕದ ಸರ್ಕಾರದ ಅನುಮತಿಯು ದೊರೆಯಿತು. ಸುಣ್ಣ ತೆಗೆದ ಎಲುಬಿನಲ್ಲಿ ಉಳಿಯುವ ಪದಾರ್ಥವು ಬಹುಭಾಗ ಕೊಲಾಜನ್ನೇ ಎಂಬುದನ್ನು ನೆನೆದರೆ, ವಾನ್‌ಲೇರನ ದ್ರವ್ಯವೇ ೧೧೯ ವರ್ಷಗಳ ಮೇಲೆ ಶುದ್ಧರೂಪದಲ್ಲಿ ತಿರುಗಿ ಬಂದಿತೆನ್ನಬೇಕು. ಅವನು ನಾಯಿಯಲ್ಲಿ ದಾಟಿಸಿದ ೩ ಸೆಂಟಿಮೀಟರೇ ಇಂದಿಗೂ ಪೊಳ್ಳು ನಳಿಕೆಗೆ ಸಾಧಾರಣವಾಗಿ ಹೇಳುವ ಪರಮಾವಧಿ. ಅಷ್ಟು ದೂರಕ್ಕೂ ಅದನ್ನು ನಂಬಲಾಗದೆಂದು ಹೇಳುವ ವೈದ್ಯರು ಅನೇಕರಿದ್ದಾರೆ.

ವ್ಯಾಕರಣವನ್ನು ಓದಿದವರಿಗೆ ಈ ನಳಿಕೆಯ ಸ್ವಭಾವವು ಅಪರಿಚಿತವಲ್ಲ. ಪಾಣಿನಿಯು ಧಾತುಪ್ರತ್ಯಯಗಳಿಗೆ ಹಚ್ಚುವ ಅನುಬಂಧಾಕ್ಷರಗಳು ಗುಣವೃದ್ಧ್ಯಾದಿ ಕಾರ್ಯಗಳಿಗೆ ನಿಮಿತ್ತವಾಗಿ, ಸಿದ್ಧವಾದ ರೂಪದಲ್ಲಿ ಕೇಳಿಸದೆ ಲೋಪವಾಗುತ್ತವೆ. ವ್ಯತ್ಯಾಸವಿರುವುದು ಕಾಲದಲ್ಲಿ. ಅನುಬಂಧದ ಲೋಪಕ್ಕೆ ಕಾಲವ್ಯಯವಿಲ್ಲ. ನಳಿಕೆಯ ಲೋಪಕ್ಕೆ ತಿಂಗಳುಗಳು ಬೇಕು, ಆ ತಿಂಗಳುಗಳ ಲೆಕ್ಕವೇ ಕಠಿನವಾದುದು. ಪಾಲಿಗ್ಲೈಕೋಲಿಕ್ ನಳಿಕೆಯು ಸುಮಾರು ಮೂರು ತಿಂಗಳಲ್ಲಿ ಹೋಗಿಬಿಡುತ್ತದೆ. ಅದು ಕರಗುವಾಗ ಹುಟ್ಟುವ ಆಮ್ಲವು ಸುತ್ತಣ ಭಾಗವನ್ನು ಕೆರಳಿಸಬಹುದು. ೨೦೦೩ರಲ್ಲಿ ಬಂದ, ಲ್ಯಾಕ್ಟಿಕ್ ಆಮ್ಲ ಮತ್ತು ಕ್ಯಾಪ್ರೊಲ್ಯಾಕ್ಟೋನುಗಳ ಸಂಯೋಗದ ನಳಿಕೆಯು ಒಂದು ವರ್ಷಕ್ಕೂ ಮೀರಿ ನಿಲ್ಲುತ್ತದೆ. ಕೊಲಾಜನ್ನಿನದು ಕೆಲವು ವರ್ಷಗಳ ವರೆಗೂ ಇರಬಲ್ಲುದು. ಮೊದಲೇ ಹೋದರೆ ದಾರಿ ಕುಸಿಯುತ್ತದೆ. ಹೋಗದೆ ನಿಂತರೆ ಸಿಲಿಕೋನಿನ ದೋಷವೇ ತಿರುಗಿ ಬರುತ್ತದೆ.

ಅಂತರವು ದೊಡ್ಡದಾದಾಗ ಇಂದಿಗೂ ಪ್ರಮಾಣಭೂತವಾದ ಚಿಕಿತ್ಸೆಯು ರೋಗಿಯದೇ ಮತ್ತೊಂದು ನರವನ್ನು ತೆಗೆದು ಕಸಿಮಾಡುವುದು. ವಿಯೆನ್ನದ ಮಿಲ್ಲೇಸಿಯು ೧೯೭೨ರಲ್ಲಿ ವಿವರಿಸಿದ, ಎಳೆತವಿಲ್ಲದಂತೆ ನರದ ಒಳಕಟ್ಟುಗಳನ್ನು ಒಂದೊಂದಾಗಿ ಸೇರಿಸುವ ಕ್ರಮವು ಅದಕ್ಕೆ ಆಧಾರ. ಸಾಮಾನ್ಯವಾಗಿ ಮೀನಖಂಡದ ಹಿಂಬದಿಯ ನರವನ್ನು ತೆಗೆಯುತ್ತಾರೆ. ಪಾದದ ಹೊರಅಂಚು ಅದರಿಂದ ಜೋಮುಹಿಡಿದಂತಾಗುತ್ತದೆ. ಕೈಯ ಸಾಲವನ್ನು ಕಾಲಿನಿಂದ ತೀರಿಸಿದಂತೆ. ಈ ಸಾಲವನ್ನು ತಪ್ಪಿಸುವುದೇ ನಳಿಕೆಯ ಪ್ರಯೋಜನ. ಪೊಳ್ಳು ನಳಿಕೆಯಿಂದ ಅದು ಆಗಲಿಲ್ಲವಾದುದರಿಂದ, ಈಗ ಅದರೊಳಗೆ ಉದ್ದಕ್ಕೂ ಎಳೆಗಳನ್ನು ಹಾಯಿಸುವ, ಶ್ವಾನ್ ಕೋಶಗಳನ್ನು ನೆಡುವ, ಬೆಳೆವಣಿಗೆಯನ್ನು ಪ್ರೇರಿಸುವ ದ್ರವ್ಯಗಳನ್ನು ಸೇರಿಸುವ ಯತ್ನಗಳು ನಡೆಯುತ್ತಿವೆ. ಇವುಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಜರ್ಮನಿಯ ಹ್ಯಾನೋವರ್ ನಗರದ ವೈದ್ಯರು ಕುರಿಯ ಕಾಲಿನ ನರದಲ್ಲಿ ೬ ಸೆಂಟಿಮೀಟರು ಅಂತರವನ್ನು, ಕೋಶಗಳನ್ನು ತೆಗೆದ ರಕ್ತನಾಳದೊಳಗೆ ನೂಲನ್ನು ತುಂಬಿ ಜೋಡಿಸಿ, ತಂತುಗಳು ಅದನ್ನು ದಾಟಿದುವೆಂದೂ ಫಲವು ಸ್ವಂತ ನರದ ಕಸಿಗೆ ಹೋಲಿಸತಕ್ಕದ್ದಾಗಿತ್ತೆಂದೂ ೨೦೧೧ರಲ್ಲಿ ಪ್ರಕಟಿಸಿದರು. ಅವರು ತುಂಬಿದ ನೂಲು, ೧೯೧೪ರಲ್ಲಿ ಹ್ಯಾರಿಸನನು ಚೌಕಟ್ಟಿಗೆ ಹಾಯಿಸಿದ್ದ ಜೇಡರ ನೂಲೇ.